ಒಳಗಿದ್ದವರ ಎಣಿಕೆ

ಹಾಸಿಗೆ ಕಾರ್ಖಾನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಆಕೆ ಗಡಿಯಾರದಕ್ಕ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಜರಿ ಕಚೇರಿಗೆ ಗುಮಾಸ್ತೆಯಾಗಿ ಸೇರಿದಾಗ ಆಕೆಗೆ ವಹಿಸಿದ ಮೊದಲ ಕೆಲಸ ಕಾರ್ಖಾನೆಯ ಒಂಬತ್ತು ಗೋಡೆ ಗಡಿಯಾರಗಳನ್ನು ದಿನವೂ ಸರಿಹೊಂದಿಸುವುದು. ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ನಡೆಯುತ್ತಿದ್ದ ಆ ಸಣಕಲು ಹುಡುಗಿಯನ್ನು ಕಂಡು ಹೊಲಿಗೆಯ ಹೆಂಗಸರು ಇಟ್ಟ ಹೆಸರು ಅದು. ಗಡಿಯಾರಗಳು ಹೋದವು, ಏಣಿ ಹೋಯಿತು, ತಲೆಗೂದಲು ನರೆಯಿತು. ಹೆಸರು ಮಾತ್ರ ಉಳಿದುಕೊಂಡಿತು.

ಆ ಕೆಲಸ ಕೊಡಿಸಿದವನು ಆಕೆಯ ಭಾವ, ಅಂದರೆ ಅಕ್ಕನ ಗಂಡ. ಅದೇ ಕಾರ್ಖಾನೆಯ ನಾಲ್ಕನೆಯ ಗೇಟಿನ ಕಾವಲುಗಾರ. ತಂದೆತಾಯಿಗಳಿಬ್ಬರೂ ತೀರಿಕೊಂಡಾಗ ಆಕೆಗೆ ಹನ್ನೊಂದು ವರ್ಷ. ಅಂದಿನಿಂದ ಅಕ್ಕನ ಮನೆಯೇ ಮನೆ, ಭಾವನೇ ತಂದೆ. ಸೈಕಲ್ಲು ಕಲಿಸಿದವನು ಅವನು. ಗಣಿತದಲ್ಲಿ ಸೊನ್ನೆ ಬಂದ ದಿನ ಅಕ್ಕನಿಗೆ ಗೊತ್ತಾಗದಂತೆ ಅಂಕಪಟ್ಟಿಗೆ ರುಜು ಹಾಕಿದವನೂ ಅವನೇ. ಗೇಟಿನಲ್ಲಿ ಆಕೆ ಕಂಡಾಗಲೆಲ್ಲ ಟೋಪಿ ತೆಗೆದು, "ಏನಮ್ಮ ದೊರೆಸಾನಿ, ಟೈಮು ಸರಿಯಾಗಿದೆಯಾ?" ಎನ್ನುವನು. ಆಕೆ, "ನಿನ್ನ ಹೊಟ್ಟೆಗಿಂತ ಸರಿಯಾಗಿದೆ ಭಾವ" ಎನ್ನುವಳು. ಇಪ್ಪತ್ತೈದು ವರ್ಷಗಳ ಕಾಲ ಇದೇ ಮಾತು, ಇದೇ ನಗು.

ಆಕೆಯ ಸ್ವಭಾವದಲ್ಲಿ ಒಂದು ವಿಶೇಷವಿತ್ತು. ಯಾರಾದರೂ ಸಾಲಿನಲ್ಲಿ ನಿಂತು ಕಾಯುವುದನ್ನು ಆಕೆ ಸಹಿಸುತ್ತಿರಲಿಲ್ಲ. ಅಂಗಡಿಯಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಸಾಲು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಿಕ್ಕಂದಿನಲ್ಲಿ ಕಾಯಿಲೆಯ ತಾಯಿಯೊಡನೆ ಆಸ್ಪತ್ರೆಯ ಕಿಟಕಿಯ ಮುಂದೆ ಗಂಟೆಗಟ್ಟಲೆ ನಿಂತದ್ದೇ ಇದಕ್ಕೆ ಕಾರಣವೆಂದು ಅಕ್ಕ ಹೇಳುತ್ತಿದ್ದಳು. ಆಕೆ ಅದನ್ನು ಒಪ್ಪುತ್ತಿರಲಿಲ್ಲ. "ಸುಮ್ಮನೆ ನಿಂತ್ಕೊಳ್ಳೋದು ದಂಡ, ಅಷ್ಟೇ" ಎಂದು ಮಾತು ಮುಗಿಸುತ್ತಿದ್ದಳು.

ಕಾರ್ಖಾನೆಗೆ ಕಂಪ್ಯೂಟರುಗಳು ಬಂದಾಗ ಹಾಜರಿ ಕಚೇರಿಯ ಹಿರಿಯರು ಅವುಗಳನ್ನು ಹೊಸ ಸೊಸೆಯನ್ನು ನೋಡುವಂತೆ ಓರೆಗಣ್ಣಿನಿಂದ ನೋಡಿದರು. ಗಡಿಯಾರದಕ್ಕ ಮಾತ್ರ ಸಂಜೆಯ ತರಗತಿಗೆ ಸೇರಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಕುಳಿತು, ಪ್ರೋಗ್ರಾಮು ಬರೆಯುವುದನ್ನು ಕಲಿತಳು. ನಲವತ್ತೈದನೆಯ ವಯಸ್ಸಿಗೆ ಕಾರ್ಖಾನೆಯ ಹಾಜರಿಯ ಇಡೀ ವ್ಯವಸ್ಥೆಯನ್ನು ತಾನೇ ಬರೆದು ನಿಲ್ಲಿಸಿದಳು. ಅದು ನಡೆಯುತ್ತಿದ್ದುದು ಕಾರ್ಖಾನೆಯ ಯಂತ್ರದಲ್ಲಲ್ಲ. ಎಲ್ಲೋ ದೂರದಲ್ಲಿ, ಬಾಡಿಗೆಗೆ ಸಿಗುವ ಕ್ಲೌಡಿನಲ್ಲಿ. ಅಲ್ಲಿಯ ಏರ್ಪಾಡು ಹೀಗೆ: ಜನಸಂದಣಿ ಹೆಚ್ಚಿದರೆ ಕ್ಲೌಡು ತಾನಾಗಿಯೇ ಇನ್ನಷ್ಟು ಯಂತ್ರಗಳನ್ನು ಎಬ್ಬಿಸುತ್ತದೆ, ಕಡಿಮೆಯಾದರೆ, ಅಥವಾ ಯಾವುದಾದರೂ ಯಂತ್ರ ಏದುಸಿರು ಬಿಟ್ಟರೆ, ಅದನ್ನು ಮಲಗಿಸಿ ಬೇರೊಂದನ್ನು ಎಬ್ಬಿಸುತ್ತದೆ. ಯಾವುದನ್ನು ಯಾವಾಗ ಮಲಗಿಸುತ್ತದೆಂದು ಯಾರನ್ನೂ ಕೇಳುವುದಿಲ್ಲ.

ಮೊದಲ ದಿನವೇ ತೊಂದರೆ ಕಾಣಿಸಿಕೊಂಡಿತು. ಪಾಳಿ ಬದಲಾಗುವ ಹತ್ತು ನಿಮಿಷಗಳಲ್ಲಿ ಮೂರು ಸಾವಿರ ಜನ ಆರು ಗೇಟುಗಳಲ್ಲಿ ಕಾರ್ಡು ತೋರಿಸುತ್ತಿದ್ದರು. ಪ್ರತಿಯೊಂದು ಕಾರ್ಡಿಗೂ 'ಒಳಗೆ ಎಷ್ಟು ಜನ' ಎಂಬ ಒಂದು ಸಂಖ್ಯೆ ಬದಲಾಗಬೇಕಾಗಿತ್ತು. ಒಂದೇ ಸ್ಲೇಟಿನ ಮೇಲೆ ಬರೆಯಲು ಮೂರು ಸಾವಿರ ಮಕ್ಕಳು ಬಳಪ ಹಿಡಿದು ಮುಗಿಬಿದ್ದರೆ ಏನಾದೀತೋ ಅದೇ ಆಯಿತು. ಒಬ್ಬರು ಬರೆಯುವಾಗ ಉಳಿದವರು ಕಾಯಬೇಕು. ಕಾದು ಸಾಕಾದವರು ಮತ್ತೆ ನುಗ್ಗಬೇಕು. ಕಡೆಗೆ ಯಾರೂ ಬರೆಯಲಾರರು. ಕೆಂಪು ದೀಪ, ಕೆಂಪು ದೀಪ, ಕೆಂಪು ದೀಪ. ಸಾಲು ರಸ್ತೆಯವರೆಗೆ ಬೆಳೆಯಿತು. ನಾಲ್ಕನೆಯ ಗೇಟಿನಲ್ಲಿ ಯಾರೋ ಭಾವನ ಟೋಪಿ ಕಿತ್ತು ಚರಂಡಿಗೆ ಎಸೆದರು.

ಅಂದು ಸಂಜೆ ಅವನು ಒದ್ದೆ ಟೋಪಿಯನ್ನು ಆಕೆಯ ಮೇಜಿನ ಮೇಲಿಟ್ಟು, "ನಿನ್ನ ಕಂಪ್ಯೂಟರಿಗೆ ಹಾಕು ಇದನ್ನ. ನನಗಿಂತ ಅದಕ್ಕೇ ಜಾಸ್ತಿ ಬೈಗುಳ ಬಿತ್ತು" ಎಂದ.

ಆಕೆ ನಕ್ಕಳು. ಆದರೆ ಒಳಗೊಳಗೇ ಕುದಿದುಹೋಗಿದ್ದಳು.

ಒಂದು ಸ್ಲೇಟಿನ ಬದಲು ಇಪ್ಪತ್ತು ಸ್ಲೇಟುಗಳನ್ನು ತೂಗುಹಾಕಿದಳು. ಯಾರು ಯಾವುದರ ಮೇಲಾದರೂ ಬರೆಯಲಿ. ಒಟ್ಟು ಬೇಕಾದಾಗ ಇಪ್ಪತ್ತನ್ನೂ ಕೂಡಿಸಿದರಾಯಿತು. ಸಾಲು ಅರ್ಧಕ್ಕಿಳಿಯಿತು. ಆಕೆಗೆ ಅದೂ ಸಾಲದಾಯಿತು. ಮುಂದಿನ ತಿಂಗಳು ಇನ್ನೊಂದು ಉಪಾಯ ಹೂಡಿದಳು. ಒಳಬರುವವರ ಕಾರ್ಡುಗಳನ್ನು ಒಂದೊಂದಾಗಿ ಉಗ್ರಾಣಕ್ಕೆ, ಅಂದರೆ ದಾಖಲೆಗಳೆಲ್ಲ ಅಳಿಯದೆ ಉಳಿಯುವ ಜಾಗಕ್ಕೆ, ಬರೆಯುವುದೇಕೆ? ಕ್ಲೌಡಿನ ಯಂತ್ರ ಅವನ್ನು ತನ್ನ ನೆನಪಿನಲ್ಲಿಟ್ಟುಕೊಂಡಿದ್ದು, ಹತ್ತು ಸೆಕೆಂಡಿಗೊಮ್ಮೆ ಎಲ್ಲವನ್ನೂ ಕಟ್ಟಾಗಿ ಬರೆದರೆ ಸಾಕಲ್ಲ? ಯಂತ್ರದ ನೆನಪಿಗೆ ಮುಟ್ಟಿದೊಡನೆ ಹಸಿರು ದೀಪ ಹತ್ತಲಿ. ಬರವಣಿಗೆ ನಿಧಾನವಾಗಿ ಆಗಲಿ. ಹಾಗೆಯೇ ಮಾಡಿದಳು. ಸಾಲು ಮಾಯವಾಯಿತು. ಕೆಲಸಗಾರರು ಹೆಚ್ಚಿದಂತೆ ಹತ್ತು ಸೆಕೆಂಡು ಮೂವತ್ತಾಯಿತು, ಮೂವತ್ತು ಹೋಗಿ ಎರಡು ನಿಮಿಷವಾಯಿತು. ಪಾಳಿಯ ನೂಕುನುಗ್ಗಲಿಗೆಂದು ಮಾಡಿದ ಈ ನಿಯಮ ದಿನದ ಉಳಿದ ಹೊತ್ತಿಗೂ ಹಾಗೆಯೇ ನಡೆಯುತ್ತಿತ್ತು. ಅದನ್ನು ಬೇರೆ ಮಾಡಬೇಕೆಂದು ಆಕೆಗೆ ಹೊಳೆಯಲಿಲ್ಲ.

ಆ ಎರಡು ನಿಮಿಷದೊಳಗೆ ಕ್ಲೌಡು ಒಂದು ಯಂತ್ರವನ್ನು ಮಲಗಿಸಿಬಿಟ್ಟರೆ ಅದರ ನೆನಪಿನಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು. ಹಾಜರಿಯಲ್ಲಿ ಒಬ್ಬಿಬ್ಬರ ಹೆಸರು ತಪ್ಪಿದರೆ ಮರುದಿನ ಗುಮಾಸ್ತ ಕೈಯಿಂದ ತಿದ್ದುತ್ತಾನೆ. ಅಷ್ಟಕ್ಕೆ ಮೂರು ಸಾವಿರ ಜನ ಬಿಸಿಲಲ್ಲಿ ನಿಲ್ಲಬೇಕೆ?

ಎರಡು ವರ್ಷಗಳ ನಂತರ ಸುರಕ್ಷತಾ ವಿಭಾಗದಿಂದ ಒಂದು ಸಾಲಿನ ಕೋರಿಕೆ ಬಂದಿತು: ಒಳಗೆ ಎಷ್ಟು ಜನರಿದ್ದಾರೆಂಬ ಸಂಖ್ಯೆಯನ್ನು ಬೆಂಕಿಯ ಸಮಯದಲ್ಲಿ ತಮ್ಮ ಪರದೆಯ ಮೇಲೂ ತೋರಿಸಬೇಕು; ಹೊರಗೆ ಬಂದವರ ಕಾರ್ಡುಗಳನ್ನು ಮಾತ್ರ ತಡಮಾಡದೆ ಆಗಿಂದಾಗಲೇ ಬರೆಯಬೇಕು, ಇಲ್ಲವಾದರೆ ಹೊರಬಂದವರನ್ನೂ ಒಳಗೆ ಹುಡುಕಬೇಕಾದೀತು. ನ್ಯಾಯವಾದ ಮಾತು. ಆಕೆ ಒಂದು ಮಧ್ಯಾಹ್ನದಲ್ಲಿ ಅದನ್ನು ಮುಗಿಸಿದಳು. ಒಳಗೆ ಹೋದವರ ಕಾರ್ಡುಗಳ ವಿಷಯವನ್ನು ಅವರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಹಾಜರಿಗೆ ಸಾಕಾಗಿದ್ದ ಸಂಖ್ಯೆ ಅಂದಿನಿಂದ ಜೀವ ಎಣಿಸುವ ಸಂಖ್ಯೆಯಾಯಿತು. ಚಹಾ ಆರುವುದರೊಳಗೆ ಆ ಕಾಗದಕ್ಕೆ ಸಹಿ ಬಿದ್ದಿತ್ತು.

ಹೊಲಿಗೆಯ ವಿಭಾಗದಲ್ಲಿ ಹಾಸಿಗೆಯ ಅಂಚು ಹೊಲಿಯುವ ಒಬ್ಬ ಹೆಂಗಸಿದ್ದಳು. ಗಿಡ್ಡಗೆ, ಚುರುಕಾಗಿ, ಸದಾ ಒಂದಿಲ್ಲೊಂದು ಮಾತಾಡುತ್ತ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಮನೆಯಲ್ಲಿ ಮುದಿ ತಾಯಿ, ಶಾಲೆಗೆ ಹೋಗುವ ಮಗಳು. ಒಂದು ದಿನ ಗುಬ್ಬಿಯ ಕನ್ನಡಕದ ಕಾಲು ಮುರಿದು, ಊಟದ ಬಿಡುವಿನ ನಂತರ ಅಪ್ಪಣೆ ಪಡೆದು ಬೀದಿಯಾಚೆಯ ಅಂಗಡಿಗೆ ಹೋಗಿದ್ದಳು. ಹೊರಗೆ ಹೋದದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಮರಳಿ ಬಂದದ್ದು ನಾಲ್ಕನೆಯ ಗೇಟಿನಿಂದಲೇ.

"ಈಗ ಕಾಣಿಸ್ತಿದೆಯೇನಮ್ಮ?" ಎಂದು ಭಾವ ಕೇಳಿದ್ದ.

"ಚೆನ್ನಾಗಿ ಕಾಣಿಸ್ತಿದೆ. ನಿಮಗೆ ಇಷ್ಟು ವಯಸ್ಸಾಗಿದೆ ಅಂತ ಇವತ್ತೇ ಗೊತ್ತಾಗಿದ್ದು" ಎಂದು ಅವಳು ಕಾರ್ಡು ತೋರಿಸಿದಳು. ಹಸಿರು ದೀಪ ಹತ್ತಿತು. "ಹೋಗು ಹೋಗು, ಮೇಸ್ತ್ರಿ ಕಾಯ್ತಿದಾನೆ" ಎಂದು ಭಾವ ಕಂಬಿ ತೆರೆದ.

ಒಂದು ನಿಮಿಷ ಕಳೆದಿರಬಹುದು. ಸ್ಪಂಜಿನ ಗೋದಾಮಿನಲ್ಲಿ ಬೆಂಕಿ ಹೊತ್ತಿಕೊಂಡಿತು.

ಹಾಸಿಗೆಯ ಸ್ಪಂಜು ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಗುತ್ತದೆ. ಆ ಹೊಗೆ ನಾಲ್ಕು ಉಸಿರಿಗೆ ಮನುಷ್ಯನನ್ನು ಕೆಡಹುತ್ತದೆ. ಗಂಟೆ ಬಾರಿಸಿತು, ಜನ ಬಯಲಿಗೆ ಓಡಿ ಬಂದರು, ಅಲ್ಲಿ ನೆಟ್ಟಿದ್ದ ಕಂಬಗಳಿಗೆ ಕಾರ್ಡು ತೋರಿಸುತ್ತ ಸಾಲಾಗಿ ನಿಂತರು. ಸುರಕ್ಷತಾ ಮೇಲ್ವಿಚಾರಕನ ಕೈಯ ಪರದೆಯಲ್ಲಿ ಸಂಖ್ಯೆ ಇಳಿಯುತ್ತ ಹೋಯಿತು. ಎರಡು ಸಾವಿರದ ಒಂಬೈನೂರು, ಸಾವಿರ, ಮುನ್ನೂರು, ನಲವತ್ತು, ಆರು. ಹದಿನೇಳನೆಯ ನಿಮಿಷಕ್ಕೆ ಸೊನ್ನೆ. ಒಳಗೆ ಯಾರೂ ಇಲ್ಲವೆಂದು ಅಗ್ನಿಶಾಮಕದವರಿಗೆ ತಿಳಿಸಲಾಯಿತು. ಅವರು ಮುಖವಾಡ ಕಳಚಿ, ಹೊರಗಿನಿಂದಲೇ ನೀರು ಹಾಯಿಸತೊಡಗಿದರು. ಯಾರೋ ಚಪ್ಪಾಳೆ ತಟ್ಟಿದರು. ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ ಗಡಿಯಾರದಕ್ಕನ ಕಣ್ಣಲ್ಲಿ ನೀರು ಬಂದಿತು. ತನ್ನ ಎಣಿಕೆ ಒಂದು ದಿನ ಇಂತಹ ಕೆಲಸಕ್ಕೆ ಬಂದೀತೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ.

ಗುಬ್ಬಿ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಹೊಲಿಗೆ ವಿಭಾಗದ ಮೆಟ್ಟಿಲಿನ ಕೆಳಗೆ. ಬೆಂಕಿ ಅವಳನ್ನು ಮುಟ್ಟಿರಲಿಲ್ಲ. ವೈದ್ಯರ ಪ್ರಕಾರ ಅವಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬದುಕಿದ್ದಳು.

ದಾಖಲೆಯನ್ನು ತೆರೆದು ನೋಡಿದರು. ಗುಬ್ಬಿಯ ಹೆಸರಿನ ಮುಂದೆ ಇದ್ದದ್ದು ಇಷ್ಟೇ: ಎರಡು ಗಂಟೆ ಹತ್ತು ನಿಮಿಷಕ್ಕೆ ಹೊರಗೆ. ಆಮೇಲೆ ಏನೂ ಇಲ್ಲ. ಹಾಗಾದರೆ ಅವಳು ಕಾರ್ಡು ತೋರಿಸದೆ ಕದ್ದು ಒಳಗೆ ಬಂದಿರಬೇಕು ಎಂದಾಯಿತು. ಏಕೆ ಬಂದಳು ಎಂಬ ಪ್ರಶ್ನೆಗೆ ಊರ ಬಾಯಿಗೆ ಉತ್ತರ ಹುಡುಕುವುದು ಕಷ್ಟವಾಗಲಿಲ್ಲ. ಬಟ್ಟೆಯ ತುಂಡುಗಳನ್ನು ಸೀರೆಯ ಮಡಿಲಲ್ಲಿ ಸಾಗಿಸುತ್ತಿದ್ದಳಂತೆ ಎಂದು ಒಬ್ಬರು ಹೇಳಿದರು. ತಾವೇ ಕಂಡಿದ್ದೆವೆಂದು ಇಬ್ಬರು ಹೇಳಿದರು. ಅವಳ ಮಗಳು ಶಾಲೆಗೆ ಹೋಗುವುದನ್ನು ಬಿಟ್ಟಳು.

ಭಾವ ಮಾತ್ರ ಒಂದೇ ಮಾತು ಹಿಡಿದ. "ಕಾರ್ಡು ತೋರಿಸಿದಳು. ಹಸಿರು ದೀಪ ಬಂತು. ಬಂದಮೇಲೇ ನಾನು ಬಿಟ್ಟಿದ್ದು."

ಆಡಳಿತದವರು ತಾಳ್ಮೆಯಿಂದಲೇ ಕೇಳಿದರು. ದೀಪ ಬಂದಿದ್ದರೆ ದಾಖಲೆಯಲ್ಲಿ ಇರಬೇಕಲ್ಲ? ದಾಖಲೆಯಲ್ಲಿ ಇಲ್ಲವೆಂದ ಮೇಲೆ ದೀಪ ಬರಲಿಲ್ಲ. ದೀಪ ಬರಲಿಲ್ಲವೆಂದ ಮೇಲೆ ಕಾವಲುಗಾರ ಸಲಿಗೆಯಿಂದ ಒಳಗೆ ಬಿಟ್ಟ. ಬಿಟ್ಟು ಈಗ ಸುಳ್ಳು ಹೇಳುತ್ತಿದ್ದಾನೆ. ಅವನನ್ನು ಕೆಲಸದಿಂದ ತಡೆಹಿಡಿದರು. ಅಜಾಗರೂಕತೆಯಿಂದ ಸಾವಿಗೆ ಕಾರಣನಾದನೆಂದು ಮೊಕದ್ದಮೆ ಹೂಡುವ ಮಾತು ಬಂದಿತು. ತನಿಖೆಗೆ ಸರ್ಕಾರದಿಂದ ಒಬ್ಬ ಅಧಿಕಾರಿಣಿ ಬಂದರು.

ಅಕ್ಕ ಒಂದು ಮಧ್ಯಾಹ್ನ ತಂಗಿಯ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ.

"ಒಂದೇ ಮಾತು ಹೇಳು. ನಮ್ಮನೆಯವರು ಸುಳ್ಳು ಹೇಳ್ತಿದಾರಾ?"

"ದಾಖಲೆಯಲ್ಲಿ ಇಲ್ಲ ಅಕ್ಕ."

"ನಾನು ದಾಖಲೆ ಕೇಳಲಿಲ್ಲ ಕಣೇ. ನಿನ್ನ ಭಾವನ ವಿಷಯ ಕೇಳಿದೆ."

"ಭಾವಂಗೆ ಅರವತ್ತು ಹತ್ತಿರ ಬಂತು. ದಿನಕ್ಕೆ ಐನೂರು ಸಲ ಆ ದೀಪ ನೋಡ್ತಾರೆ. ಯಾವುದೋ ಒಂದನ್ನ ಇನ್ನೊಂದು ಅಂದ್ಕೊಂಡಿರಬಹುದು."

ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ಅವರೂ ರಾತ್ರಿಯಿಂದ ಹಾಗೇ ಅಂತಿದಾರೆ. ನಾನೇ ತಪ್ಪು ನೋಡಿದೆನೇನೋ, ನನಗೇ ಅರಳುಮರಳೇನೋ ಅಂತ. ಮೂವತ್ತೈದು ವರ್ಷ ಆ ಗೇಟಲ್ಲಿ ನಿಂತವರು. ಈಗ ಮನೆ ಬಾಗಿಲು ಹಾಕಿದೀನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡ್ತಾರೆ." ಇಷ್ಟು ಹೇಳಿ ಅವಳು ಹೊರಟುಹೋದಳು.

ಆಕೆಯ ಎದೆಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. ಅಂದಿನವರೆಗೆ ಆಕೆ ತನ್ನ ಪ್ರೋಗ್ರಾಮನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ನೋಡಬೇಕಾಗಿಲ್ಲ ಎಂದುಕೊಂಡಿದ್ದಳು. ಅಥವಾ ನೋಡಲು ಹೆದರಿದ್ದಳು. ಎರಡರಲ್ಲಿ ಯಾವುದು ನಿಜವೆಂದು ಆಕೆಗೇ ಹೇಳಲಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಖಾಲಿ ಕಚೇರಿಗೆ ಹೋಗಿ ಕುಳಿತಳು. ಆ ದಿನ ಕ್ಲೌಡಿನಲ್ಲಿ ಯಾವ ಯಂತ್ರ ಯಾವಾಗ ಎದ್ದಿತು, ಯಾವುದು ಯಾವಾಗ ಮಲಗಿತು ಎಂಬ ಪಟ್ಟಿಯನ್ನು ಮೊದಲು ತೆಗೆದಳು. ಬೆಂಕಿಯ ಗಂಟೆ ಹೊಡೆದದ್ದು ಎರಡು ಗಂಟೆ ಐವತ್ತೆರಡಕ್ಕೆ. ಹೊರಬಂದವರ ಕಾರ್ಡುಗಳೆಲ್ಲ ಒಮ್ಮೆಲೇ, ಆಗಿಂದಾಗಲೇ ಬರೆಯಬೇಕಾಗಿ ಬಂದು ಬಿರುಗಾಳಿಯೆದ್ದಿತ್ತು. ಕ್ಲೌಡು ಏಳು ಹೊಸ ಯಂತ್ರಗಳನ್ನು ಎಬ್ಬಿಸಿತ್ತು. ಹಳೆಯ ಒಂದು ಯಂತ್ರ ಉಸಿರುಕಟ್ಟಿ ನಿಂತದ್ದನ್ನು ಕಂಡು, ಐವತ್ತೆರಡು ಕಳೆದು ನಲವತ್ತು ಸೆಕೆಂಡಿಗೆ ಅದನ್ನು ಮಲಗಿಸಿತ್ತು. ನಾಲ್ಕನೆಯ ಗೇಟಿನ ಕಾರ್ಡುಗಳು ಹೋಗುತ್ತಿದ್ದುದು ಆ ಯಂತ್ರಕ್ಕೆ. ಅದು ತನ್ನ ನೆನಪಿನಲ್ಲಿದ್ದದ್ದನ್ನು ಮುಂದಿನ ಸಲ ಬರೆಯಬೇಕಾಗಿದ್ದುದು ಐವತ್ಮೂರಕ್ಕೆ.

ಆಕೆ ಎರಡು ಸಮಯಗಳನ್ನೂ ಕಾಗದದ ಮೇಲೆ ಬರೆದು ಕಳೆದು ನೋಡಿದಳು. ಇಪ್ಪತ್ತು ಸೆಕೆಂಡು.

ಆದರೆ ಅದರ ನೆನಪಿನಲ್ಲಿ ಏನಾದರೂ ಇತ್ತೆಂಬುದಕ್ಕೆ ಸಾಕ್ಷಿ ಎಲ್ಲಿ? ಅಳಿಸಿಹೋದ ನೆನಪು ತಾನು ಅಳಿಸಿಹೋದೆನೆಂದು ಹೇಳುವುದಿಲ್ಲ. ಆಗ ಆಕೆಗೆ ಚೀಟಿ ಪುಸ್ತಕಗಳ ವಿಷಯ ಹೊಳೆಯಿತು. ಒಳಬರುವ ಪ್ರತಿಯೊಂದು ಕಾರ್ಡಿಗೂ ಒಂದು ಕ್ರಮಸಂಖ್ಯೆ ಬೇಕು. ಎರಡು ಯಂತ್ರಗಳು ಒಂದೇ ಸಂಖ್ಯೆ ಕೊಡಬಾರದು. ಅದಕ್ಕಾಗಿ ಪ್ರತಿ ಯಂತ್ರವೂ ನೂರು ಸಂಖ್ಯೆಗಳ ಒಂದು ಪುಸ್ತಕವನ್ನು ಉಗ್ರಾಣದಿಂದ ಪಡೆದು, ಒಂದೊಂದೇ ಚೀಟಿ ಹರಿಯುತ್ತ ಬರುತ್ತದೆ. ಪುಸ್ತಕ ಪಡೆದದ್ದನ್ನು ಮಾತ್ರ ಉಗ್ರಾಣ ಆಗಲೇ ಬರೆದುಕೊಳ್ಳುತ್ತದೆ. ಹಳೆಯ ಪುಸ್ತಕ ಮುಗಿದು, ಗೇಟಿನಲ್ಲಿ ಯಾರಾದರೂ ಕಾರ್ಡು ಹಿಡಿದು ನಿಂತಾಗಲಷ್ಟೇ ಯಂತ್ರ ಹೊಸ ಪುಸ್ತಕ ಕೇಳುವುದು.

ಎರಡು ಗಂಟೆ ಐವತ್ತೊಂದು ನಿಮಿಷ ಎಂಟು ಸೆಕೆಂಡಿಗೆ ನಾಲ್ಕನೆಯ ಗೇಟಿನ ಯಂತ್ರ ಹೊಸ ಪುಸ್ತಕವೊಂದನ್ನು ಪಡೆದಿತ್ತು. ಅದರ ಒಂದು ಚೀಟಿಯೂ ದಾಖಲೆಗೆ ಬಂದಿರಲಿಲ್ಲ.

ಗುಬ್ಬಿ ಹಳೆಯ ಪುಸ್ತಕದ ತೊಂಬತ್ತೊಂಬತ್ತನೆಯವಳಾಗಿದ್ದರೆ ಈ ಗುರುತೂ ಸಿಗುತ್ತಿರಲಿಲ್ಲ. ಭಾವ ಸಾಯುವವರೆಗೂ ಸುಳ್ಳುಗಾರನಾಗಿಯೇ ಇರುತ್ತಿದ್ದ. ಆಕೆ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಸುಟ್ಟ ಗೋದಾಮಿನ ವಾಸನೆ ಇನ್ನೂ ಹೋಗಿರಲಿಲ್ಲ.

ಸೋಮವಾರ ವ್ಯವಸ್ಥಾಪಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಒಳ್ಳೆಯವರೇ. ಆಕೆಗೆ ಕುರ್ಚಿ ತೋರಿಸಿದರು, ಬಾಗಿಲು ಹಾಕಿದರು.

"ಯಂತ್ರ ಮಲಗಿಸಿದ್ದು ಕ್ಲೌಡಿನವರು. ತಪ್ಪು ಅವರದು ಅನ್ನೋಣ" ಎಂದರು.

"ಅವರು ಯಂತ್ರ ಮಲಗಿಸ್ತೀವಿ ಅಂತ ಮೊದಲೇ ಹೇಳಿದ್ದಾರೆ ಸಾರ್. ಬರೆದೇ ಇಟ್ಟಿದ್ದಾರೆ. ನಾನು ಓದಿದ್ದೆ."

"ಓದಿದ್ದೆ ಅಂತ ಯಾರಾದರೂ ಕೇಳಿದರಾ ನಿಮ್ಮನ್ನ?"

"ಇಲ್ಲ."

"ಮತ್ತೆ?" ಅವರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಅಕ್ಕ. ನಿಮಗೆ ಇನ್ನು ಹತ್ತು ವರ್ಷ ಇದೆ ನಿವೃತ್ತಿಗೆ. ನಿಮ್ಮ ಭಾವನ ಮೇಲೆ ಮೊಕದ್ದಮೆ ಆಗದ ಹಾಗೆ ನಾನು ನೋಡ್ಕೊಳ್ತೀನಿ. ವಯಸ್ಸಾದವನು, ಮರೆತ ಅಂತ ಮುಗಿಸೋಣ. ಎಲ್ಲರಿಗೂ ಸಲೀಸು."

ಆಕೆ ಕುರ್ಚಿಯಿಂದ ಎದ್ದಳು. "ಅವರು ಮರೆತಿಲ್ಲ ಸಾರ್" ಎಂದಳು.

ತನಿಖೆಯ ಕೋಣೆ ಜಿಲ್ಲಾ ಕಚೇರಿಯ ಮೂರನೆಯ ಮಹಡಿಯಲ್ಲಿತ್ತು. ಕಬ್ಬಿಣದ ಬೀರು, ಒಂದು ಕಾಲು ಕುಂಟುವ ಮೇಜು, ಅದರಡಿ ಮಡಚಿಟ್ಟ ರಟ್ಟು. ಅಧಿಕಾರಿಣಿ ನಡುವಯಸ್ಸಿನವರು, ಶೀತದಿಂದ ಮೂಗು ಕೆಂಪಾಗಿತ್ತು. ಗಡಿಯಾರದಕ್ಕ ಹೇಳಿದ್ದನ್ನೆಲ್ಲ ಬರೆದುಕೊಂಡು, ಪುಸ್ತಕದ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು.

"ಆ ಚೀಟಿ ಆ ಹೆಂಗಸಿನದೇ ಅಂತ ಹೇಗೆ ಹೇಳ್ತೀರಿ?"

"ಯಂತ್ರ ಹೇಳೋದಿಲ್ಲಮ್ಮ. ಆದರೆ ಮಿಕ್ಕ ಎಲ್ಲರೂ ಒಳಗೆ ಬಂದದ್ದೂ ಇದೆ, ಹೊರಗೆ ಹೋದದ್ದೂ ಇದೆ. ಒಡೆಯರಿಲ್ಲದ ಚೀಟಿ ಅದೊಂದೇ. ಚೀಟಿ ಇಲ್ಲದ ಹೆಣ ಅದೊಂದೇ."

ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿದರು. "ಬರೆಯೋಕೆ ಮುಂಚೆ ಹಸಿರು ದೀಪ ಹಾಕು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನಾನೇ."

"ಯಾಕೆ?"

"ಜನ ಕಾಯ್ತಿದ್ದರು" ಎಂದಳು ಆಕೆ. ಆ ಕೋಣೆಯಲ್ಲಿ ಆ ಉತ್ತರ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅಧಿಕಾರಿಣಿ ಇನ್ನೊಮ್ಮೆ ಹೇಳಿ ಎಂದರು.

ಮೂರು ವಾರಗಳಲ್ಲಿ ವರದಿ ಬಂದಿತು. ಗುಬ್ಬಿ ನಿಯಮದಂತೆಯೇ ಒಳಗೆ ಬಂದಿದ್ದಳು, ಕಾವಲುಗಾರನ ತಪ್ಪಿಲ್ಲ, ತಪ್ಪು ಎಣಿಕೆಯ ವ್ಯವಸ್ಥೆಯದು. ಗಡಿಯಾರದಕ್ಕನನ್ನು ಕೆಲಸದಿಂದ ತೆಗೆದರು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಆಕೆಯ ಸಾಮಾನುಗಳೆಲ್ಲ ಹಿಡಿದವು. ಗೇಟುಗಳಲ್ಲಿ ಈಗ ಪ್ರತಿ ಕಾರ್ಡೂ ಉಗ್ರಾಣಕ್ಕೆ ಬರೆದಾದ ಮೇಲೆಯೇ ದೀಪ ಹತ್ತುತ್ತದೆ. ಸಾಲು ಮತ್ತೆ ರಸ್ತೆಯವರೆಗೆ ಬೆಳೆದಿದೆಯೆಂದು ಹೇಳುತ್ತಾರೆ.

ಗುಬ್ಬಿಯ ತಾಯಿಯನ್ನು ನೋಡಲು ಆಕೆ ಹೋಗಿದ್ದಳು. ಆ ಮುದುಕಿ ಬೈಯಲಿಲ್ಲ, ಅಳಲಿಲ್ಲ. ಎಲ್ಲವನ್ನೂ ಕೇಳಿ, "ಅರ್ಧ ಗಂಟೆ ಇದ್ದಳಂತಲ್ಲ?" ಎಂದಳು. ಆಕೆ ಹೌದೆಂದಳು. ಮುದುಕಿ ಗೋಡೆಯ ಕಡೆಗೆ ತಿರುಗಿ ಕುಳಿತಳು.

ಅದಾದ ಮೇಲೆಯೇ ಆಕೆ ಅಕ್ಕನ ಮನೆಗೆ ಹೋದದ್ದು. ಭಾವನಾದರೂ ಗೆದ್ದನಲ್ಲ, ಅವನ ಮುಖದಲ್ಲಾದರೂ ಒಂದಿಷ್ಟು ನೆಮ್ಮದಿ ಕಂಡೀತು ಎಂಬ ಆಸೆ ಒಳಗಿತ್ತು. ಭಾವ ಹಿತ್ತಿಲ ಕಟ್ಟೆಯ ಮೇಲೆ ಕುಳಿತಿದ್ದ. ಟೋಪಿ ಇರಲಿಲ್ಲ. ಟೋಪಿಯಿಲ್ಲದ ಅವನ ತಲೆ ಎಷ್ಟು ಚಿಕ್ಕದೆಂದು ಆಕೆ ಅಂದೇ ಗಮನಿಸಿದ್ದು.

"ಮತ್ತೆ ಕರೆದಿದ್ದಾರಂತಲ್ಲ ಕೆಲಸಕ್ಕೆ" ಎಂದಳು.

"ಹೋಗೋದಿಲ್ಲ."

"ನಿನ್ನ ತಪ್ಪಿಲ್ಲ ಅಂತ ಬರೆದಾಯ್ತಲ್ಲ ಭಾವ."

ಅವನು ಕಟ್ಟೆಯ ಮೇಲೆ ಸರಿದು ಆಕೆಗೆ ಜಾಗ ಮಾಡಿದ. ಆಮೇಲೆ, "ಯಂತ್ರ ಕೆಟ್ಟಿತ್ತಾ?" ಎಂದು ಕೇಳಿದ.

"ಇಲ್ಲ. ನಾನು ಹೇಳಿಕೊಟ್ಟ ಹಾಗೇ ನಡೀತು."

"ಹಂಗಾದರೆ ನಾನು ನೋಡಿದ್ದು ನಿಜ."

"ನಿಜ."

"ಅದೇ ಕಷ್ಟ ಆಗಿರೋದು" ಎಂದ ಅವನು. "ಈ ಒಂದೂವರೆ ತಿಂಗಳು ನಾನೇ ತಪ್ಪು ನೋಡಿದೆ ಅಂದ್ಕೊಂಡಿದ್ದೆ. ಅವಳು ಬರಲೇ ಇಲ್ಲವೇನೋ, ಬೇರೆ ದಿನದ್ದು ಇರಬೇಕು, ಕಲಸಿಕೊಂಡಿದೀನಿ ಅಂತ. ಅದು ಒಂಥರಾ ಹಗುರ ಆಗಿತ್ತು." ಅವನು ಅಂಗೈಗಳನ್ನು ತೊಡೆಯ ಮೇಲೆ ಉಜ್ಜಿದ. "ಆ ದಿನ ಬಯಲಲ್ಲಿ ನಾನು ಹೇಳಿದೆ ಕಣಮ್ಮ. ಮೇಲ್ವಿಚಾರಕನ ಹತ್ತಿರ ಹೋಗಿ, ಗುಬ್ಬಿ ಕಾಣ್ತಿಲ್ಲ, ಈಗಷ್ಟೇ ಒಳಗೆ ಬಿಟ್ಟೆ ಅಂತ. ಅವನು ಪರದೆ ನನ್ನ ಮುಖಕ್ಕೆ ಹಿಡಿದ. 'ಓದೋಕೆ ಬರುತ್ತಾ ಯಜಮಾನ್ರೇ? ಏನಿದೆ ಹೇಳಿ' ಅಂದ. ಸೊನ್ನೆ ಇತ್ತು. ನಾನು ಸುಮ್ಮನಾದೆ."

ಆಕೆ ಕಟ್ಟೆಯ ಅಂಚಿನಲ್ಲಿ ಕುಳಿತಳು.

"ಯಾಕೆ ಸುಮ್ಮನಾದೆ ಗೊತ್ತಾ? ಅದು ನೀನು ಮಾಡಿದ್ದು. ನಮ್ಮ ಹುಡುಗಿ ಮಾಡಿದ್ದು ತಪ್ಪಾಗುತ್ತಾ ಅಂದ್ಕೊಂಡೆ. ನನ್ನ ಕಣ್ಣಿಗಿಂತ ನಿನ್ನ ಲೆಕ್ಕ ಸರಿ ಅಂದ್ಕೊಂಡೆ. ಅರ್ಧ ಗಂಟೆ ಬದುಕಿದ್ದಳಂತೆ. ನಾನು ಆ ಅರ್ಧ ಗಂಟೆ ಅಲ್ಲೇ ನಿಂತು ನೀರು ಹೊಡೆಯೋದನ್ನ ನೋಡ್ತಿದ್ದೆ."

ಅಡಿಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಇದನ್ನ ಆ ಅಧಿಕಾರಿಣಿಗೆ ಹೇಳಬೇಕು. ನಾಳೆ ಹೋಗ್ತೀನಿ" ಎಂದ ಭಾವ.

"ಬೇಡ ಭಾವ. ಎಲ್ಲ ಮುಗಿದಿದೆ. ಗೊತ್ತಿದ್ದೂ ಸುಮ್ಮನಿದ್ದ ಅಂತ ಮತ್ತೆ ನಿನ್ನನ್ನೇ ಎಳೀತಾರೆ."

"ಎಳೀಲಿ. ನಿನ್ನದು ನೀನು ಹೇಳಿದೆ. ನಿನ್ನನ್ನ ಯಾರಾದರೂ ಬೇಡ ಅಂದಿದ್ದರೆ ಬಿಡ್ತಿದ್ದೆಯಾ?"

ಮರುದಿನ ಇಬ್ಬರೂ ಮೂರನೆಯ ಮಹಡಿಗೆ ಹತ್ತಿದರು. ಭಾವ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಅಧಿಕಾರಿಣಿ ಕಡತವನ್ನು ಆಗಲೇ ಕಟ್ಟಿಟ್ಟಿದ್ದರು. ದಾರ ಬಿಚ್ಚಿ ಮತ್ತೆ ತೆರೆದರು. ಭಾವ ಹೇಳುತ್ತ ಹೋದ. ಅವರು ಬರೆದುಕೊಳ್ಳುತ್ತ ಹೋದರು.

"ಮೇಲ್ವಿಚಾರಕರನ್ನ ಮೊದಲೇ ಕೇಳಿದ್ದೆ. ತಮ್ಮ ಹತ್ತಿರ ಯಾರೂ ಬಂದು ಏನೂ ಹೇಳಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾರೆ" ಎಂದರು ಕೊನೆಗೆ. "ನೀವು ಹೇಳಿದ್ದನ್ನ ಬೇರೆ ಯಾರಾದರೂ ಕೇಳಿಸಿಕೊಂಡರಾ?"

ಭಾವ ಯೋಚಿಸಿದ. ಯಾರ ಮೇಲೂ ಸುಳ್ಳು ಹೊರಿಸಬಾರದೆಂಬ ಎಚ್ಚರ ಅವನ ಮುಖದಲ್ಲಿ ಕಾಣುತ್ತಿತ್ತು.

"ಇಲ್ಲಮ್ಮ. ಗಲಾಟೆ ಇತ್ತು."

"ಸಾಕ್ಷಿ ಇಲ್ಲದೆ ಇದು ನಿಲ್ಲೋದಿಲ್ಲ. ಅವರ ಮೇಲೂ ನಿಲ್ಲೋದಿಲ್ಲ, ನಿಮ್ಮ ಮೇಲೂ ನಿಲ್ಲೋದಿಲ್ಲ. ಬರೆದುಕೊಂಡಿದೀನಿ, ಕಡತದಲ್ಲಿ ಇರುತ್ತೆ. ಇನ್ನು ನೀವು ಮನೆಗೆ ಹೋಗಬಹುದು."

ಭಾವ ಏಳಲಿಲ್ಲ. "ಹಾಗಾದರೆ ನನಗೇನೂ ಇಲ್ಲವಾ?" ಎಂದು ಕೇಳಿದ. ಶಿಕ್ಷೆ ಕೇಳಲು ಬಂದವನಿಗೆ ಅದೂ ಸಿಗದೆಹೋದಾಗ ಮುಖ ಹೇಗಾಗುತ್ತದೆಂದು ಗಡಿಯಾರದಕ್ಕ ಅಂದು ನೋಡಿದಳು. ಅಧಿಕಾರಿಣಿ ಇಲ್ಲವೆಂದು ತಲೆಯಾಡಿಸಿ, ಹಾಳೆಯನ್ನು ಅವನ ಕಡೆಗೆ ತಿರುಗಿಸಿ, ರುಜು ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರು. ಅವನು ಪೆನ್ನು ಹಿಡಿದು, ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಸಾಲನ್ನೂ ನಿಧಾನವಾಗಿ ಓದತೊಡಗಿದ. ಹೊರಗೆ ಪಡಸಾಲೆಯಲ್ಲಿ ಬೆಂಚುಗಳು ತುಂಬಿ, ಜನ ಗೋಡೆಗೊರಗಿ ನಿಂತು ಕಾಯುತ್ತಿದ್ದರು. ಬೇಗ ಮುಗಿಸು ಎಂದು ಆಕೆ ಅವನಿಗೆ ಹೇಳಲಿಲ್ಲ.